ಐವತ್ತರ ಗೆರೆ

ಎರಡು ವರ್ಷದ ಹಿಂದೆ, ಗೌರಿ ಹಬ್ಬದ ಹಿಂದಿನ ರಾತ್ರಿ ಅಮ್ಮ ಫೋನ್ ಮಾಡಿದ್ದಳು. "ನಾಳೆ ಬೇಗ ಬಾ. ಈ ಸಲ ಗೌರಿ ಪೂಜೆ ನೀನೇ ಮಾಡ್ಬೇಕು, ನಾನು ಹೊರಗಾದೆ" ಅಂದಳು. ನಂಗೆ ಅರ್ಥ ಆಗೋಕೆ ಒಂದು ನಿಮಿಷ ಬೇಕಾಯ್ತು. ಅಮ್ಮನಿಗೆ ಆಗಲೇ ಐವತ್ತೈದು ತುಂಬಿತ್ತು. ಅವಳಿಗಿನ್ನೂ ಮುಟ್ಟು ನಿಂತಿಲ್ಲ ಅನ್ನೋದು ನಂಗೆ ಗೊತ್ತೇ ಇರಲಿಲ್ಲ. ಕೇಳಬೇಕು ಅಂತಲೂ ನಂಗೆ ಯಾವತ್ತೂ ಹೊಳೆದಿರಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ಚಿಕ್ಕಮ್ಮ ಬಂದಳು. ಅಮ್ಮ ಹಿಂದಿನ ಕೋಣೆಯಲ್ಲಿ ಕೂತಿದ್ದು ನೋಡಿ, "ಅಕ್ಕಾ, ನಿಂಗಿನ್ನೂ ಆಗ್ತಿದೆಯಾ? ನೀನೇ ಪುಣ್ಯವಂತೆ ಬಿಡು" ಅಂದಳು. ಚಿಕ್ಕಮ್ಮನಿಗೆ ಮೂವತ್ತೆಂಟಕ್ಕೇ ಗರ್ಭಕೋಶ ತೆಗೆದಿದ್ದರು, ಜೊತೆಗೆ ಎರಡೂ ಅಂಡಾಶಯಗಳನ್ನ. ಅವತ್ತಿಂದ ಮೂಳೆ, ಕೀಲು, ನಿದ್ದೆ ಯಾವುದೂ ಸರಿ ಇಲ್ಲ. ಅರ್ಧ ಗಂಟೆ ಬಿಟ್ಟು ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆ ಆಂಟಿ ಅದೇ ಬಾಗಿಲಲ್ಲಿ ನಿಂತು, "ಅಯ್ಯೋ ಪಾಪ, ಇನ್ನೂ ಮುಗೀಲಿಲ್ವಾ ನಿಮಗೆ?" ಅಂದರು. ಅವರದ್ದು ನಲವತ್ತೇಳಕ್ಕೇ ನಿಂತು, ಋಷಿ ಪಂಚಮಿ ವ್ರತ ಹಿಡಿದು ಐದು ವರ್ಷ ಆಗಿತ್ತು.

ಒಂದೇ ದೇಹ, ಒಂದೇ ಮಧ್ಯಾಹ್ನ. ಒಬ್ಬರ ಬಾಯಲ್ಲಿ ಪುಣ್ಯ, ಇನ್ನೊಬ್ಬರ ಬಾಯಲ್ಲಿ ಪಾಪ. ಅಮ್ಮ ಮಾತ್ರ, "ನಮ್ಮಮ್ಮನಿಗೂ ತಡವಾಗೇ ನಿಂತಿದ್ದು, ನಂದೂ ಹಂಗೇ" ಅಂತ ಹೇಳಿ ಸುಮ್ಮನಾದಳು. ಆದರೆ ಆ ವರ್ಷ ಅವಳು ಮಹಡಿ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಒಂದು ಸಲ ನಿಲ್ಲುತ್ತಿದ್ದಳು. ಅದನ್ನ ನಾವ್ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಲ್ಲಿ ತಲೆ ಕೊರೀತಿದ್ದ ಪ್ರಶ್ನೆ ಒಂದೇ. ತಡ ಅಂದರೆ ಯಾವುದಕ್ಕೆ ಹೋಲಿಸಿದರೆ ತಡ? ಈ 'ಸರಿಯಾದ ವಯಸ್ಸು' ಅನ್ನೋ ಗೆರೆಯನ್ನ ಎಳೆದವರು ಯಾರು? ಓದ್ತಾ ಹೋದೆ. ಸಿಕ್ಕಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಕಥೆ.

ಮೊದಲು ಇವತ್ತಿನ ಲೆಕ್ಕ. ಸತತ ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಮೆನೋಪಾಸ್ ಆಯ್ತು ಅಂತ ವೈದ್ಯರು ಹೇಳ್ತಾರೆ. ಅಂದರೆ ಕೊನೆಯ ಮುಟ್ಟು ಯಾವುದು ಅಂತ ಆ ದಿನ ಯಾರಿಗೂ ಗೊತ್ತಿರೋದಿಲ್ಲ, ಒಂದು ವರ್ಷ ಕಳೆದ ಮೇಲೆ ಹಿಂದಿರುಗಿ ನೋಡಿದಾಗಲೇ ಗೊತ್ತಾಗೋದು. ಯುರೋಪ್, ಅಮೆರಿಕದಲ್ಲಿ ಇದರ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದ ಅಧ್ಯಯನಗಳಲ್ಲಿ 46ರ ಆಸುಪಾಸು. 55 ದಾಟಿದರೆ 'ತಡ' ಅನ್ನೋದು ರೂಢಿ.

ಈಗ ಹಳೆಯ ಲೆಕ್ಕ. ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ ಇದು ಎರಡೇ ಸಂಖ್ಯೆಯಲ್ಲಿ ಮುಗಿದುಹೋಗುತ್ತೆ: ಹನ್ನೆರಡಕ್ಕೆ ಶುರು, ಐವತ್ತಕ್ಕೆ ಕೊನೆ. ಗ್ರೀಸಿನಲ್ಲಿ ಅರಿಸ್ಟಾಟಲ್‌ನ ಹೆಸರಲ್ಲಿರುವ ಪ್ರಾಣಿಗಳ ಚರಿತ್ರೆಯಲ್ಲಿ ಸ್ವಲ್ಪ ಹೆಚ್ಚು ವಿವರ ಇದೆ. ಬಹುಪಾಲು ಹೆಂಗಸರಿಗೆ ನಲವತ್ತರ ಸುಮಾರಿಗೆ ನಿಲ್ಲುತ್ತೆ, ಕೆಲವರಿಗೆ ಐವತ್ತರವರೆಗೂ ಮುಂದುವರಿಯುತ್ತೆ, ಅಂಥವರು ಹೆತ್ತಿದ್ದೂ ಉಂಟು, ಅದರಾಚೆಗೆ ಇಲ್ಲ ಅನ್ನುತ್ತೆ ಆ ಪುಸ್ತಕ. ಎರಡು ನಾಡು, ಎರಡು ವೈದ್ಯ ಪದ್ಧತಿ. ಆದರೆ ಎರಡೂ ಕೊನೆಗೆ ಬಂದು ನಿಲ್ಲೋದು ಐವತ್ತರಲ್ಲೇ.

ಈ ಗುಂಪಲ್ಲಿ ನಂಗೆ ಇಷ್ಟವಾದದ್ದು 12ನೇ ಶತಮಾನದ ಇಟಲಿಯ ಸಲೆರ್ನೊ ಊರಿನ 'ಟ್ರೊಟುಲಾ' ಅನ್ನೋ ಹೆಸರಲ್ಲಿ ಪ್ರಚಾರವಾದ ಸ್ತ್ರೀ ವೈದ್ಯದ ಹೊತ್ತಿಗೆ. ಅದರ ಪ್ರಕಾರ ಸಣಕಲು ಮೈಯವರಿಗೆ ಐವತ್ತರವರೆಗೆ ಮುಟ್ಟು. ಸ್ವಲ್ಪ ದಪ್ಪ ಇದ್ದವರಿಗೆ ಮೂವತ್ತೈದಕ್ಕೇ ಮುಗೀತು. 'ತೇವದ' ದೇಹದವರಿಗೆ ಮಾತ್ರ ಅರವತ್ತು, ಅರವತ್ತೈದರವರೆಗೂ ಇರಬಹುದು. ತೇವ, ಒಣ ಅನ್ನೋ ವಿವರಣೆಯನ್ನ ಇವತ್ತು ಯಾರೂ ಒಪ್ಪಲ್ಲ. ಆದರೆ ಎಲ್ಲರಿಗೂ ಒಂದೇ ಸಂಖ್ಯೆ ಅಲ್ಲ, ದೇಹದಿಂದ ದೇಹಕ್ಕೆ ವ್ಯತ್ಯಾಸ ಇದೆ ಅಂತ ಅವರಿಗೆ ಗೊತ್ತಿತ್ತು. ತಡವಾದವಳನ್ನ ಅವರು ರೋಗಿ ಅನ್ನಲಿಲ್ಲ, ಪವಾಡ ಅಂತಲೂ ಅನ್ನಲಿಲ್ಲ. ಅವಳ ಮೈಗುಣ ಹಾಗೆ ಅಂದರು, ಅಷ್ಟೇ.

ವೈದ್ಯರ ಗೆರೆಗೆ ಹೀಗೆ ಆಚೀಚೆ ಸ್ವಲ್ಪ ಜಾಗ ಇತ್ತು. ಅದೇ ಗೆರೆ ಕಾನೂನಿಗೆ ಹೋದಾಗ ಗೋಡೆ ಆಯ್ತು.

ರೋಮ್‌ನಲ್ಲಿ ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 18ರಲ್ಲಿ, ಆಮೇಲೆ ಕ್ರಿ.ಶ. 9ರಲ್ಲಿ ಮದುವೆ ಕಾನೂನುಗಳನ್ನ ತಂದ. ಇಪ್ಪತ್ತರಿಂದ ಐವತ್ತರ ನಡುವಿನ ಹೆಂಗಸರು, ಇಪ್ಪತ್ತೈದರಿಂದ ಅರವತ್ತರ ನಡುವಿನ ಗಂಡಸರು ಮದುವೆಯಾಗಿರಬೇಕು, ಇಲ್ಲದಿದ್ದರೆ ಉಯಿಲಿನಿಂದ ಬರೋ ಆಸ್ತಿಗೆ ಕತ್ತರಿ. ಹೆಣ್ಣಿಗೆ ಐವತ್ತು ಯಾಕೆ ಅಂದರೆ ಅಲ್ಲಿಗೆ ಹೆರೋ ಕಾಲ ಮುಗೀತು ಅನ್ನೋ ಲೆಕ್ಕ. ಐವತ್ತೆರಡಕ್ಕೂ ಮುಟ್ಟಾಗುತ್ತಿದ್ದ ರೋಮನ್ ಹೆಂಗಸಿನ ಬಗ್ಗೆ ಕಾನೂನಿಗೆ ಆಸಕ್ತಿ ಇರಲಿಲ್ಲ. ನಲವತ್ತಕ್ಕೇ ನಿಂತುಹೋದವಳ ಬಗ್ಗೆಯೂ ಇರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದು ದೇಹ ಅಲ್ಲ, ಎಣಿಸೋಕೆ ಸುಲಭವಾದ ವಯಸ್ಸು.

ಇಂಗ್ಲೆಂಡಿನ ಕೋರ್ಟು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ತಪ್ಪು ಮಾಡಿತು. 1787ರ 'ಜೀ ವರ್ಸಸ್ ಆಡ್ಲಿ' ಅನ್ನೋ ಕೇಸು. ಎಡ್ವರ್ಡ್ ಆಡ್ಲಿ ಅನ್ನೋನು ತನ್ನ ಉಯಿಲಿನಲ್ಲಿ 1,000 ಪೌಂಡನ್ನ ಮೇರಿ ಹಾಲ್ ಅನ್ನೋಳಿಗೂ ಅವಳ ಸಂತತಿಗೂ ಬಿಟ್ಟಿದ್ದ. ಆ ಸಂತತಿ ನಿಂತುಹೋದರೆ, ಆಗ ಬದುಕಿರೋ ಜೀ ದಂಪತಿಗಳ ಹೆಣ್ಣುಮಕ್ಕಳಿಗೆ ಹಣ ಹೋಗಬೇಕು ಅಂತ ಬರೆದಿದ್ದ. ಜೀ ದಂಪತಿಗಳಿಗೆ ಆಗಲೇ ಎಪ್ಪತ್ತರ ಸುಮಾರು, ನಾಲ್ಕು ಹೆಣ್ಣುಮಕ್ಕಳು. ಹಣ ಯಾರಿಗೆ ಅನ್ನೋದು ತಲೆಮಾರುಗಟ್ಟಲೆ ತೀರ್ಮಾನವಾಗದೇ ತೂಗಾಡಬಾರದು ಅನ್ನೋದು ಅಲ್ಲಿನ ಆಸ್ತಿ ಕಾನೂನಿನ ನಿಯಮ. ಈ ಮುದುಕಿಗೆ ಇನ್ನು ಮಕ್ಕಳಾಗಲ್ಲ, ಹಾಗಾಗಿ ಹಣ ಹೋಗೋದಿದ್ದರೆ ಈ ನಾಲ್ವರಿಗೇ, ಉಯಿಲು ಊರ್ಜಿತ ಅಂತ ಅವರ ಪರ ವಾದ. ನ್ಯಾಯಾಧೀಶ ಕೆನ್ಯನ್ ಒಪ್ಪಲಿಲ್ಲ. ಎಪ್ಪತ್ತರ ಹೆಂಗಸಿಗೆ ಮಕ್ಕಳಾಗೋದು ಅಸಾಧ್ಯ ಅಂತ ಕಾನೂನು ಊಹಿಸೋ ಹಾಗಿಲ್ಲ, ಇನ್ನೊಬ್ಬ ಮಗಳು ಹುಟ್ಟಿಬಿಟ್ಟರೆ ಅಂತ ಹೇಳಿ ಆ ಭಾಗವನ್ನೇ ರದ್ದು ಮಾಡಿದ. ಅಮ್ಮನಿಗೆ ಎಪ್ಪತ್ತರಲ್ಲೂ ಮುಟ್ಟು ನಿಂತಿಲ್ಲ ಅನ್ನೋ ಹಾಗೆ ಕೋರ್ಟು ನಡಕೊಂಡಿದ್ದಕ್ಕೆ ನಾಲ್ಕು ಹೆಣ್ಣುಮಕ್ಕಳ ಹಕ್ಕು ಹೋಯ್ತು. ಕಾನೂನು ಕಾಲೇಜುಗಳಲ್ಲಿ ಈ ಕಾಲ್ಪನಿಕ ಹೆಂಗಸನ್ನ 'ಫರ್ಟೈಲ್ ಆಕ್ಟೋಜೆನೇರಿಯನ್', ಅಂದರೆ ಎಂಬತ್ತರ ಬಸುರಿ, ಅಂತ ಕರೆದು ಇವತ್ತಿಗೂ ನಗ್ತಾರೆ.

ಈ ನಗೆಪಾಟಲನ್ನ ಬ್ರಿಟಿಷ್ ಪಾರ್ಲಿಮೆಂಟ್ ಸರಿ ಮಾಡಿದ್ದು 1964ರಲ್ಲಿ. ಇಂಥ ಆಸ್ತಿ ವ್ಯಾಜ್ಯಗಳಲ್ಲಿ ಹನ್ನೆರಡಕ್ಕಿಂತ ಕೆಳಗಿನ, ಐವತ್ತೈದಕ್ಕಿಂತ ಮೇಲಿನ ಹೆಣ್ಣಿಗೆ ಮಕ್ಕಳಾಗಲ್ಲ ಅಂತ ಇಟ್ಟುಕೊಳ್ಳಬಹುದು ಅಂತ ಕಾನೂನು ಬಂತು. ಗಮನಿಸಿದಿರಾ? ಸುಶ್ರುತನ ಹನ್ನೆರಡು ಹಾಗೇ ಇದೆ. ಐವತ್ತಕ್ಕೆ ಮಾತ್ರ ಐದು ವರ್ಷ ಸೇರಿದೆ, ತಡವಾದವರಿಗೆ ಅಂತ.

ನಮ್ಮ ಹತ್ತಿರದ ಉದಾಹರಣೆ ಶಬರಿಮಲೆ. ಅಲ್ಲಿ 10ರಿಂದ 50 ವರ್ಷದ ಹೆಂಗಸರಿಗೆ ಪ್ರವೇಶ ಇಲ್ಲ ಅನ್ನೋದನ್ನ ಕೇರಳ ಹೈಕೋರ್ಟ್ 1991ರಲ್ಲಿ ಎತ್ತಿಹಿಡಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ 4–1ರ ಬಹುಮತದಲ್ಲಿ ಆ ನಿರ್ಬಂಧ ತೆಗೆದುಹಾಕಿತು. ಮರುವರ್ಷ ವಿಷಯ ಇನ್ನೂ ದೊಡ್ಡ ಪೀಠಕ್ಕೆ ಹೋಯ್ತು. ಅದರ ಸರಿ ತಪ್ಪು ಬೇರೆ ಚರ್ಚೆ. ನನ್ನ ಕಣ್ಣಿಗೆ ಬಿದ್ದಿದ್ದು ಆ 50. ಆಧಾರ್ ಕಾರ್ಡ್ ಪ್ರಕಾರ ನಮ್ಮಮ್ಮ ಐದು ವರ್ಷದ ಹಿಂದೆಯೇ ಅಲ್ಲಿಗೆ ಹೋಗಬಹುದಿತ್ತು. ಆದರೆ ಅವಳದ್ದೇ ಮನೆಯ ದೇವರ ಕೋಣೆಗೆ ಹೋಗೋ ಹಾಗಿರಲಿಲ್ಲ. ದೇವಸ್ಥಾನ ನೋಡೋದು ವಯಸ್ಸನ್ನ, ಮನೆ ನೋಡೋದು ಮೈಯನ್ನ. ತಡವಾದವಳು ಇವೆರಡರ ನಡುವೆ ಸಿಕ್ಕಿಹಾಕಿಕೊಳ್ತಾಳೆ.

ಇಷ್ಟೆಲ್ಲ ಕಾಲ ಈ ಘಟ್ಟಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಖಾಯಂ ಹೆಸರೇ ಇರಲಿಲ್ಲ ಅನ್ನೋದು ಆಶ್ಚರ್ಯ. 'ಮೆನೋಪಾಸ್' ಅನ್ನೋ ಪದ ಹುಟ್ಟಿಸಿದ್ದು ಫ್ರಾನ್ಸಿನ ವೈದ್ಯ ಗಾರ್ಡಾನ್. 1816ರಲ್ಲಿ 'ಮೆನೆಸ್‌ಪೋಸಿ' ಅಂತ ಶುರು ಮಾಡಿ, 1821ರ ಹೊತ್ತಿಗೆ ಅದನ್ನ 'ಮೆನೊಪೋಸ್' ಅಂತ ತಿದ್ದಿದ. ಅವನ ಪುಸ್ತಕಗಳ ಹೆಸರಲ್ಲೇ ಈ ವಯಸ್ಸನ್ನ 'ಅಪಾಯದ ಕಾಲ' ಅನ್ನೋ ಅರ್ಥದಲ್ಲಿ ಕರೆದಿದ್ದಾನೆ. 1857ರಲ್ಲಿ ಲಂಡನ್ನಿನ ಎಡ್ವರ್ಡ್ ಟಿಲ್ಟ್ ಇದರ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದ. ಹೆಸರು ಸಿಕ್ಕ ಮೇಲೆ ಎರಡು ಬದಲಾವಣೆ ಆಯ್ತು. ಒಂದು, ಹೆಂಗಸರ ಮಾತನ್ನ ಕೇಳಿ ಬರೆದುಕೊಳ್ಳೋದು ಶುರುವಾಯ್ತು, ಅದು ಒಳ್ಳೇದು. ಇನ್ನೊಂದು, ಎಲ್ಲರ ಬದುಕಲ್ಲೂ ಬರೋ ಒಂದು ತಿರುವು ಕಾಯಿಲೆಯ ಕಪಾಟಿಗೆ ಸೇರಿತು. ಕಾಯಿಲೆ ಅಂದ ಮೇಲೆ ಔಷಧಿ ಬರಲೇಬೇಕಲ್ಲ?

ಬಂತು. 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ 'ಪ್ರೆಮರಿನ್' ಅನ್ನೋ ಈಸ್ಟ್ರೋಜೆನ್ ಮಾತ್ರೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದದ್ದು, ಹೆಸರು ಬಂದಿದ್ದೂ ಅದರಿಂದಲೇ. 1966ರಲ್ಲಿ ರಾಬರ್ಟ್ ವಿಲ್ಸನ್ ಅನ್ನೋ ನ್ಯೂಯಾರ್ಕಿನ ವೈದ್ಯ 'ಫೆಮಿನಿನ್ ಫಾರೆವರ್' ಅನ್ನೋ ಪುಸ್ತಕ ಬರೆದ. ಮುಟ್ಟು ನಿಲ್ಲೋದು ಹಾರ್ಮೋನಿನ ಕೊರತೆಯ ರೋಗ, ಮಾತ್ರೆ ತಗೊಂಡರೆ ಹೆಣ್ತನ ಕೊನೆಯವರೆಗೂ ಉಳಿಯುತ್ತೆ ಅನ್ನೋದು ಅದರ ವಾದ. ಪುಸ್ತಕ ಬಿಸಿ ದೋಸೆ ಥರ ಖರ್ಚಾಯ್ತು. ಇದುವರೆಗೂ ಅಪರೂಪದವರಿಗೆ ತಾನಾಗೇ ಆಗುತ್ತಿದ್ದ 'ತಡ', ಈಗ ದುಡ್ಡು ಕೊಟ್ಟು ಕೊಳ್ಳಬಹುದಾದ ವಸ್ತು ಆಯ್ತು.

ಲೆಕ್ಕ ಬಂದಿದ್ದು ಆಮೇಲೆ. 1975ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಪ್ರಕಟವಾಗಿ, ಬರೀ ಈಸ್ಟ್ರೋಜೆನ್ ತಗೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಅಂತ ತೋರಿಸಿದವು. ಆಮೇಲೆ ಜೊತೆಗೆ ಇನ್ನೊಂದು ಹಾರ್ಮೋನ್ ಸೇರಿಸಿ ಕೊಡೋದು ಶುರುವಾಯ್ತು. ಆ ಜೋಡಿ ಮಾತ್ರೆಯನ್ನ 16,608 ಹೆಂಗಸರ ಮೇಲೆ ಪರೀಕ್ಷಿಸುತ್ತಿದ್ದ ಅಮೆರಿಕದ ದೊಡ್ಡ ಪ್ರಯೋಗವನ್ನ 2002ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ, ಮಾತ್ರೆ ತಗೊಳ್ಳದವರಲ್ಲಿ 30 ಸ್ತನ ಕ್ಯಾನ್ಸರ್ ಕಂಡರೆ, ತಗೊಂಡವರಲ್ಲಿ 38 ಕಂಡಿತ್ತು. ಆ ಪ್ರಯೋಗದಲ್ಲಿದ್ದ ಬಹಳ ಜನ ಅರವತ್ತು ದಾಟಿದವರು, ಐವತ್ತರ ಆಸುಪಾಸಿನವರ ಲೆಕ್ಕ ಬೇರೆ ಅನ್ನೋ ತಿದ್ದುಪಡಿ ಆಮೇಲೆ ಬಂತು. ಇವತ್ತು ಅಗತ್ಯ ಇದ್ದವರಿಗೆ ವೈದ್ಯರು ಅದನ್ನ ನೋಡಿಕೊಂಡು ಕೊಡ್ತಾರೆ.

ಹಾಗಾದರೆ ಮಾತ್ರೆ ಇಲ್ಲದೆ, ತಾನಾಗೇ ತಡವಾದವರ ಕಥೆ? ಅಲ್ಲೂ ಲಾಭ ನಷ್ಟ ಎರಡೂ ಇದೆ. ಅಂಡಾಶಯಕ್ಕೂ ಸ್ತನ ಕ್ಯಾನ್ಸರಿಗೂ ನಂಟಿದೆ ಅನ್ನೋ ಸುಳಿವು ಸಿಕ್ಕಿದ್ದು 1896ರಲ್ಲಿ, ಗ್ಲಾಸ್ಗೊದ ಸರ್ಜನ್ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದು ಮುಂದುವರಿದ ಸ್ತನ ಕ್ಯಾನ್ಸರನ್ನ ಕುಗ್ಗಿಸಿದ ವರದಿ ಪ್ರಕಟಿಸಿದಾಗ. 1972ರಲ್ಲಿ ಟ್ರಿಕೊಪೌಲೊಸ್, ಮ್ಯಾಕ್‌ಮಹೊನ್, ಕೋಲ್ ಅನ್ನೋ ಮೂವರು ಹಾರ್ವರ್ಡಿನ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು: 45ಕ್ಕೆ ಮೊದಲೇ ನಿಂತವರಿಗೆ ಹೋಲಿಸಿದರೆ, 55 ಅಥವಾ ಅದರಾಚೆ ನಿಂತವರಿಗೆ ಸ್ತನ ಕ್ಯಾನ್ಸರಿನ ಸಾಧ್ಯತೆ ಎರಡರಷ್ಟು. 2012ರಲ್ಲಿ 117 ಅಧ್ಯಯನಗಳನ್ನ ಒಟ್ಟುಗೂಡಿಸಿದಾಗ, ಒಂದೊಂದು ವರ್ಷ ತಡವಾದಂತೆ ಸಾಧ್ಯತೆ ಸುಮಾರು ಶೇ. 3ರಷ್ಟು ಏರುತ್ತೆ ಅಂತ ಸಿಕ್ಕಿತು. ಇದನ್ನ ನೂರರಲ್ಲಿ ಮೂವರಿಗೆ ಬರುತ್ತೆ ಅಂತ ಓದಬೇಡಿ. ಮೊದಲಿದ್ದ ಸಾಧ್ಯತೆ ಎಷ್ಟೋ, ಅದರ ಮೇಲೆ ಶೇ. 3.

ಇನ್ನೊಂದು ತಟ್ಟೆಯಲ್ಲಿ ಮೂಳೆ, ಹೃದಯ. ವಯಸ್ಸಾದ ಹೆಂಗಸರ ಮೂಳೆ ಸವೆತಕ್ಕೂ ಮುಟ್ಟು ನಿಲ್ಲೋದಕ್ಕೂ ಸಂಬಂಧ ಇದೆ ಅಂತ ಬಾಸ್ಟನ್ನಿನ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ಗುರುತಿಸಿದ್ದ. 2005ರಲ್ಲಿ ನೆದರ್ಲೆಂಡ್ಸಿನ ಒಂದು ತಂಡ 12,134 ಹೆಂಗಸರನ್ನ ಸರಾಸರಿ 17 ವರ್ಷ ಹಿಂಬಾಲಿಸಿದ ಲೆಕ್ಕ ಕೊಟ್ಟಿತು. ತಡವಾಗಿ ನಿಂತವರಲ್ಲಿ ಹೃದಯದ ಕಾಯಿಲೆಯಿಂದ ಸಾವು ಕಡಿಮೆ, ಗರ್ಭಕೋಶ ಮತ್ತು ಅಂಡಾಶಯದ ಕ್ಯಾನ್ಸರಿನಿಂದ ಸಾವು ಹೆಚ್ಚು. ಎರಡನ್ನೂ ಕೂಡಿ ಕಳೆದರೆ, 40ಕ್ಕೆ ಮೊದಲು ನಿಂತವರಿಗಿಂತ 55ರ ನಂತರ ನಿಂತವರು ಸರಾಸರಿ ಎರಡು ವರ್ಷ ಹೆಚ್ಚು ಬದುಕಿದರು. ಚಿಕ್ಕಮ್ಮನ 'ಪುಣ್ಯವಂತೆ' ಅನ್ನೋ ಮಾತು ಪೂರ್ತಿ ಸುಳ್ಳಲ್ಲ ಅನ್ನಿ.

ಯಾಕೆ ಕೆಲವರಿಗೆ ತಡ? ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತು ಲಕ್ಷಕ್ಕೂ ಮೇಲೆ ಅಂಡಾಣುಗಳಿರುತ್ತವೆ. ಬದುಕಿನುದ್ದಕ್ಕೂ ಬಿಡುಗಡೆ ಆಗೋದು ನಾನೂರು ಚಿಲ್ಲರೆ ಅಷ್ಟೇ, ಉಳಿದವು ತಾವಾಗೇ ಕರಗಿಹೋಗುತ್ತವೆ. ಕರಗೋ ವೇಗ ಒಬ್ಬೊಬ್ಬರಿಗೆ ಒಂದೊಂದು ಥರ. 2021ರಲ್ಲಿ ಎರಡು ಲಕ್ಷ ಹೆಂಗಸರ ವಂಶವಾಹಿಗಳನ್ನ ನೋಡಿದ ಅಧ್ಯಯನದಲ್ಲಿ ಇದಕ್ಕೆ ಸಂಬಂಧಪಟ್ಟ 290 ಜಾಗಗಳು ಸಿಕ್ಕವು. ಬಹಳಷ್ಟು ಜೀವಕೋಶದೊಳಗಿನ ಡಿಎನ್ಎ ರಿಪೇರಿಗೆ ಸೇರಿದವು. ಅಂದರೆ 'ನಮ್ಮಮ್ಮನಿಗೂ ತಡವಾಗೇ ನಿಂತಿದ್ದು' ಅನ್ನೋದರಲ್ಲಿ ವಿಜ್ಞಾನ ಇದೆ. ಜೊತೆಗೆ ಬದುಕಿನ ರೀತಿಯೂ ಸೇರುತ್ತೆ. ಬೀಡಿ, ಸಿಗರೇಟು ಸೇದುವವರಿಗೆ ಒಂದೆರಡು ವರ್ಷ ಮೊದಲೇ ನಿಲ್ಲುತ್ತೆ.

ನಮ್ಮ ದೇಶದಲ್ಲಿ ಊಟವೂ ಸೇರುತ್ತೆ. ಬೆಂಗಳೂರಿನ ಐಸೆಕ್ ಸಂಸ್ಥೆಯ ಸಂಶೋಧಕರು 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶ ತೆಗೆದು ನೋಡಿದಾಗ ಕಂಡಿದ್ದು, ಬೇಗ ಮುಟ್ಟು ನಿಂತವರಲ್ಲಿ ಓದು ಇಲ್ಲದ, ಮೈಯಲ್ಲಿ ತೂಕ ಇಲ್ಲದ, ಹೊಲದಲ್ಲಿ ದುಡಿಯೋ ಹೆಂಗಸರೇ ಹೆಚ್ಚು ಅಂತ. ಅಮ್ಮನ ತಡದ ಹಿಂದೆ ಅಜ್ಜಿಯ ವಂಶವಾಹಿಯ ಜೊತೆ ಮೂರು ಹೊತ್ತು ಹೊಟ್ಟೆ ತುಂಬಾ ಸಿಕ್ಕ ಊಟವೂ ಇರಬಹುದು.

ಇನ್ನು ಕೆಲವರಿಗೆ ಕಾಯೋ ಅವಕಾಶವೇ ಇಲ್ಲ. ನಮ್ಮ ಗಡಿಯಾಚೆಯ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಂಗಸರ ಬಗ್ಗೆ 2019ರಲ್ಲಿ ಮಹಾರಾಷ್ಟ್ರದ ಸಮಿತಿಯೊಂದು ವರದಿ ಕೊಟ್ಟಿತು. ಸಮೀಕ್ಷೆ ಮಾಡಿದ 82,000ಕ್ಕೂ ಹೆಚ್ಚು ಹೆಂಗಸರಲ್ಲಿ 13,000ಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆದಾಗಿತ್ತು. ಕೆಲಸಕ್ಕೆ ಒಂದು ದಿನ ತಪ್ಪಿಸಿಕೊಂಡರೂ ದಂಡ ಬೀಳೋ ಕಡೆ ತಿಂಗಳ ಮುಟ್ಟು ಅಂದರೆ ಸಂಬಳ ಕಡಿತ. ಅಂಥವಳ ಮುಂದೆ ಹೋಗಿ ಐವತ್ತೈದರವರೆಗೂ ಮುಟ್ಟಾದರೆ ಮೂಳೆಗೆ ಒಳ್ಳೇದು ಅಂತ ಹೇಳೋಕಾಗುತ್ತಾ?

ಮುಟ್ಟು ನಿಲ್ಲೋದನ್ನ ಹಬ್ಬದ ಥರ ಕಾಯೋರೂ ಇದ್ದಾರೆ. 1975ರಲ್ಲಿ ಮಾರ್ಷಾ ಫ್ಲಿಂಟ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ರಾಜಸ್ಥಾನ, ಹಿಮಾಚಲದ 483 ರಜಪೂತ ಹೆಂಗಸರನ್ನ ಮಾತಾಡಿಸಿ ಒಂದು ಲೇಖನ ಬರೆದರು. ಅಮೆರಿಕದಲ್ಲಿ ಕೇಳ್ತಿದ್ದ ಮೈ ಉರಿ, ಖಿನ್ನತೆಯ ದೂರುಗಳು ಅಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಮುಟ್ಟು ನಿಂತ ಮೇಲೆ ಪರ್ದಾ ತೆಗೆದು, ಗಂಡಸರ ಜೊತೆ ಕೂತು ಹರಟೆ ಹೊಡೆಯಬಹುದಿತ್ತು. ಇದು ಶಿಕ್ಷೆಯೋ ಬಹುಮಾನವೋ ಅನ್ನೋದು ಫ್ಲಿಂಟ್ ಪ್ರಶ್ನೆ. ನಂಗೆ ಅದರ ಮುಂದಿನ ಪ್ರಶ್ನೆ ಬಂತು. ಬಹುಮಾನ ಆದರೆ, ತಡವಾದವಳು ಬಹುಮಾನಕ್ಕೆ ಹತ್ತು ವರ್ಷ ಹೆಚ್ಚು ಕಾಯಬೇಕಲ್ಲ? ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯ ಹೊರಗೆ ಇರೋ ಪದ್ಧತಿ ಇದೆ. ಅಲ್ಲಿ ಒಂದು ವರ್ಷ ತಡ ಅಂದರೆ ಹನ್ನೆರಡು ಸಲ ಮಳೆ ಚಳಿಯಲ್ಲಿ ಊರ ಹೊರಗೆ.

ಹೀಗೇ ಇರಬೇಕು ಅಂತ ಏನೂ ಇಲ್ಲ. ಇದೇ ನೆಲದಲ್ಲಿ 12ನೇ ಶತಮಾನದ ಶರಣರು ಐದು ಸೂತಕಗಳನ್ನ ತಳ್ಳಿಹಾಕಿದರು. ಅದರಲ್ಲಿ ರಜಸ್ಸೂತಕವೂ ಒಂದು. ಸಲೆರ್ನೊದಲ್ಲಿ 'ತೇವದ ದೇಹ' ಅಂತ ಬರೀತಿದ್ದ ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಲಿಂಗ ಕಟ್ಟಿದ ಹೆಂಗಸಿಗೆ ತಿಂಗಳ ಯಾವ ದಿನವೂ ಪೂಜೆಗೆ ಅಡ್ಡಿ ಇಲ್ಲ ಅಂದಿದ್ದರು. ಇವತ್ತು ಎಲ್ಲ ಮನೆಯಲ್ಲೂ ಹಾಗೇ ನಡೀತಿದೆ ಅಂತ ಅಲ್ಲ. ಆದರೆ ಅದನ್ನ ಪಾಲಿಸೋ ಮನೆಯ ಹೆಂಗಸಿಗೆ ಐವತ್ತಾದರೇನು, ಐವತ್ತೇಳಾದರೇನು, ಮುಟ್ಟು ಬರೀ ಮೈಯ ವಿಷಯ.

ಇಷ್ಟೆಲ್ಲ ಓದಿ ಮುಗಿಸೋ ಹೊತ್ತಿಗೆ ನಂಗೆ ಹೊಳೆದಿದ್ದು, ಎರಡು ಸಾವಿರ ವರ್ಷ ಎಲ್ಲರೂ ತಡವಾದವಳ ಮೇಲೆ ತಮ್ಮ ತಮ್ಮ ಲೆಕ್ಕ ಹೇರಿದ್ದಾರೆ ಅಂತ. ರೋಮಿಗೆ ಮಕ್ಕಳ ಲೆಕ್ಕ, ಲಂಡನ್ನಿನ ಕೋರ್ಟಿಗೆ ಉಯಿಲಿನ ಲೆಕ್ಕ, ವಿಲ್ಸನ್‌ಗೆ ಹೆಣ್ತನದ ಲೆಕ್ಕ, ಪಕ್ಕದ ಮನೆಗೆ ಮಡಿಯ ಲೆಕ್ಕ. ತಡ ಒಳ್ಳೇದೋ ಕೆಟ್ಟದ್ದೋ ಅನ್ನೋದು ಆ ದಿನಾಂಕಕ್ಕೆ ಯಾರು ಏನನ್ನ ಕಟ್ಟಿಹಾಕಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಈ ಗಲಾಟೆಯಲ್ಲಿ ಅವಳನ್ನೇ ಕೂರಿಸಿಕೊಂಡು, "ನಿಂಗೆ ಹೇಗಿದೆ?" ಅಂತ ಕೇಳಿದವರು ಕಡಿಮೆ. ನಾನೂ ಕೇಳಿರಲಿಲ್ಲ.

ಕೇಳಿದೆ. ಆಗ ಅಮ್ಮ ಬಾಯಿಬಿಟ್ಟಳು. ವರ್ಷದಿಂದ ತಿಂಗಳಿಗೆ ಎಂಟು ಒಂಬತ್ತು ದಿನ ಹೋಗ್ತಿತ್ತಂತೆ, ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಾಯಿಸಬೇಕಿತ್ತಂತೆ. "ನಿಲ್ಲೋ ಮುಂಚೆ ಹಂಗೇ ಅಂತೆ, ಎಲ್ಲರೂ ಹೇಳ್ತಾರಲ್ಲ" ಅಂದಳು. ಡಾಕ್ಟರ ಹತ್ತಿರ ಕರಕೊಂಡು ಹೋದರೆ ಹಿಮೋಗ್ಲೋಬಿನ್ ಎಂಟರ ಕೆಳಗಿತ್ತು. ಆಕೆ ನಂಗೆ ಹೇಳಿದ್ದು ಇಷ್ಟು: ತಡ ಅನ್ನೋದು ಕೆಲವರಿಗೆ ಸಹಜ, ಆದರೆ ತಡ ಅನ್ನೋದೇ ಎಲ್ಲಕ್ಕೂ ವಿವರಣೆ ಅಲ್ಲ. 55 ದಾಟಿಯೂ ಮುಟ್ಟು ಬರ್ತಿದ್ದರೆ, ಹೆಚ್ಚು ಹೋಗ್ತಿದ್ದರೆ, ಅಥವಾ ಒಂದು ವರ್ಷ ನಿಂತು ಮತ್ತೆ ಒಂದು ಹನಿ ಕಂಡರೂ, ಅದು ನಿಜವಾಗಿ ಮುಟ್ಟೇನಾ ಅಂತ ಪರೀಕ್ಷೆ ಮಾಡಿಸಲೇಬೇಕು. ಅಮ್ಮನಿಗೆ ಸ್ಕ್ಯಾನ್ ಆಯ್ತು. ಗರ್ಭಕೋಶದ ಒಳಪದರದ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರೋ ಹತ್ತು ದಿನ ನಾನು ಆಫೀಸಲ್ಲಿ ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿದ್ದೆ, ಒಂದು ಸಾಲೂ ಕೆಲಸ ಮಾಡಿಲ್ಲ.

ಕ್ಯಾನ್ಸರ್ ಇರಲಿಲ್ಲ. ಒಂದು ಫೈಬ್ರಾಯ್ಡ್ ಗಡ್ಡೆ, ಜೊತೆಗೆ ವರ್ಷಗಟ್ಟಲೆ ಸುರಿದುಹೋದ ಕಬ್ಬಿಣದ ಅಂಶ. ಔಷಧಿ, ಐರನ್ ಡ್ರಿಪ್, ಮತ್ತೆ ನಾಲ್ಕಾರು ತಿಂಗಳು ಅನಿಯಮಿತವಾಗಿ ಆಗಿ, ಐವತ್ತಾರರ ಹೊತ್ತಿಗೆ ಅಮ್ಮನಿಗೆ ನಿಂತಿತು. ನಿಂತ ಮೇಲೆ ಹನ್ನೆರಡು ತಿಂಗಳು ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದು ಅವಳಲ್ಲ, ನಾನು.

ಈ ವರ್ಷ ಅವಳು ಋಷಿ ಪಂಚಮಿ ಹಿಡಿದಳು. ಉತ್ತರಾಣಿ ಕಡ್ಡಿ ತಂದಿಟ್ಟುಕೊಂಡಿದ್ದು ನೋಡಿ ನಂಗೆ ಸಿಟ್ಟು ಬಂತು. "ಮುಟ್ಟಿನ ದಿನ ಅದು ಮುಟ್ಟಿದ್ದು ಇದು ಮುಟ್ಟಿದ್ದಕ್ಕೆ ಕ್ಷಮೆ ಕೇಳೋ ವ್ರತ ಅದು. ನೀನ್ಯಾಕೆ ಕ್ಷಮೆ ಕೇಳ್ಬೇಕು? ನಲವತ್ತು ವರ್ಷ ರಕ್ತ ಸುರಿಸಿದ್ದಕ್ಕಾ?" ಅಂದೆ.

ಅಮ್ಮ ಕಡ್ಡಿಗಳನ್ನ ಎಣಿಸ್ತಾನೇ, "ಕ್ಷಮೆ ಗಿಮೆ ಏನೂ ಇಲ್ಲ ಕಣೇ. ಮುಗೀತು ಅಂತ ನಾಲ್ಕು ಜನಕ್ಕೆ ಊಟ ಹಾಕ್ಬೇಕು ನಂಗೆ. ಚಿಕ್ಕಮ್ಮನಿಗೆ ಫೋನ್ ಮಾಡು, ಅವಳ ಕ್ಯಾಲ್ಸಿಯಂ ಮಾತ್ರೆ ತಗೊಂಡು ಬರೋಕೆ ಹೇಳು, ಎರಡು ದಿನ ಇಲ್ಲೇ ಇರ್ಲಿ" ಅಂದಳು. ಆಮೇಲೆ ಹೂ ಕೀಳೋಕೆ ಅಂತ ಮಹಡಿಗೆ ಹೋದಳು. ಮೆಟ್ಟಿಲ ಮಧ್ಯೆ ನಿಲ್ತಾಳಾ ಅಂತ ನಾನು ಕೆಳಗೆ ನಿಂತು ನೋಡ್ತಿದ್ದೆ. ನಿಲ್ಲಲಿಲ್ಲ.